ಮಾತ್ರೆ ಬೇಡ ಎಂದ ಕ್ಷೌರಿಕನ ಭುಜ

ವರ್ಷಗಟ್ಟಲೆ ಕತ್ತರಿ ಆಡಿಸಿ ಆಡಿಸಿ ನಮ್ಮ ಬೀದಿಯ ಕ್ಷೌರಿಕನ ಬಲಭುಜ ಕೈಕೊಟ್ಟಿತು. ಬಾಚಣಿಗೆ ಎತ್ತಲೂ ಆಗದೆ ಆಸ್ಪತ್ರೆ ಸೇರಿದ. ವೈದ್ಯರು ಭುಜದಲ್ಲಿ ಸಣ್ಣ ಸಣ್ಣ ರಂಧ್ರ ಮಾಡಿ, ಒಳಗೆ ಕ್ಯಾಮೆರಾ ಬಿಟ್ಟು, ಹರಿದಿದ್ದ ಸ್ನಾಯುವಿನ ನಾರನ್ನು ಹೊಲಿದರು. ಸಂಜೆಗೆ ಮನೆಗೂ ಕಳಿಸಿದರು.

"ಒಂದು ಚೂರೂ ನೋವಿಲ್ಲ ಕಣೋ! ಬೇಕಾದ್ರೆ ಚಿವುಟಿ ನೋಡು" ಎಂದು ಪಕ್ಕದಂಗಡಿಯ ದರ್ಜಿಗೆ ಕೈ ತೋರಿಸಿದ.

ದರ್ಜಿ ಚಿವುಟಿದ. ಕ್ಷೌರಿಕ ನಕ್ಕ. ಇನ್ನೂ ಜೋರಾಗಿ ಚಿವುಟಿದ. ಇನ್ನೂ ಜೋರಾಗಿ ನಕ್ಕ.

ಹೆಂಡತಿ ಊಟದ ಜೊತೆ ಮಾತ್ರೆ ತಂದಿಟ್ಟಳು. "ಕೈ ಮರಗಟ್ಟೋ ಇಂಜೆಕ್ಷನ್ ಕೊಟ್ಟಿದ್ದಾರೆ. ಅದು ಇಳಿಯೋಕೆ ಮುಂಚೆನೇ ಮಾತ್ರೆ ತಗೋಬೇಕು ಅಂತ ಹೇಳಿದ್ದಾರೆ."

"ನೋವೇ ಇಲ್ಲದೆ ಮಾತ್ರೆನಾ? ಗಡ್ಡ ಬರೋಕೆ ಮುಂಚೆ ಶೇವಿಂಗ್ ಮಾಡಿಸ್ಕೊಂಡ ಹಾಗಾಯ್ತು!"

"ಅದು ಚಟ ಬೇರೆ ಆಗತ್ತಂತೆ" ಎಂದು ದರ್ಜಿ ತಾಳ ಹಾಕಿದ.

ಬೆಳಗಾಗುವಷ್ಟರಲ್ಲಿ ಇಂಜೆಕ್ಷನ್ ಇಳಿಯಿತು. ಕ್ಷೌರಿಕನ ಕೂಗಿಗೆ ಬೀದಿ ನಾಯಿಗಳೆಲ್ಲ ಎದ್ದು ನಿಂತವು.

"ಅಯ್ಯೋ, ಯಾರೋ ಭುಜದೊಳಗೆ ಕತ್ತರಿ ಆಡಿಸ್ತಿದ್ದಾರೆ ಕಣೇ!"

ದರ್ಜಿ ತನ್ನ ಮಂಡಿನೋವಿನ ಮಾತ್ರೆ ಹಿಡಿದು ಓಡಿಬಂದ. "ಇದನ್ನೂ ಅದನ್ನೂ ಒಟ್ಟಿಗೆ ನುಂಗಿಬಿಡು, ನೋವು ದಿಕ್ಕಾಪಾಲು!"

ಕ್ಷೌರಿಕ ಬಾಯಿ ತೆರೆದೇಬಿಟ್ಟ. ಅಷ್ಟರಲ್ಲಿ ಬಾಗಿಲಲ್ಲಿ ನಾದಿನಿ. ಅವಳು ಆಸ್ಪತ್ರೆಯಲ್ಲಿ ನರ್ಸ್. ಅಕ್ಕನ ಫೋನ್ ಬಂದೊಡನೆ ಹೊರಟು ಬಂದಿದ್ದಳು.

"ಭಾವ, ಬಾಯಿ ಮುಚ್ಚಿ!"

ಆ ಬಾಯಿಯನ್ನು ಮುಚ್ಚಿಸಲು ಅದುವರೆಗೆ ಯಾರಿಂದಲೂ ಆಗಿರಲಿಲ್ಲ.

"ಹೆಸರು ಬೇರೆ ಇದ್ರೂ ಒಳಗಿನ ಔಷಧಿ ಒಂದೇ ಇರಬಹುದು. ಹೊಟ್ಟೆ, ಕಿಡ್ನಿ ಎರಡಕ್ಕೂ ಏಟು. ನಿಮ್ಮ ಡಾಕ್ಟ್ರು ಬರೆದಿದ್ದನ್ನ ಮಾತ್ರ ತಗೊಳ್ಳಿ, ಅವರು ಹೇಳಿದ ಹೊತ್ತಿಗೆ."

"ಚಟ ಆದ್ರೆ?"

"ಹೇಳಿದಷ್ಟು ದಿನ, ಹೇಳಿದಷ್ಟೇ ತಗೊಂಡ್ರೆ ಭಯ ಬೇಡ. ನೋವು ಇಳಿದ ಹಾಗೆ ಅವರೇ ಕಡಿಮೆ ಮಾಡ್ತಾರೆ. ನೆತ್ತಿಗೇರಿದ ನೋವನ್ನ ಇಳಿಸೋದೇ ಕಷ್ಟ."

"ಹಲ್ಲು ಕಚ್ಚಿ ತಡ್ಕೋತೀನಿ ಬಿಡು."

"ತಡ್ಕೊಳ್ಳಿ. ನೋವಿಗೆ ಹೆದರಿ ವ್ಯಾಯಾಮ ಬಿಡ್ತೀರಿ. ಭುಜ ಬಿಗಿದು ಕೂರತ್ತೆ. ಆಮೇಲೆ ಅಂಗಡಿ ಬಾಗಿಲು ತೆಗೆದು ಏನ್ ಮಾಡ್ತೀರಿ?"

ಕ್ಷೌರಿಕನ ಮುಖ ಸಪ್ಪಗಾಯಿತು. ತಿಂಡಿ ತಿಂದು ಮಾತ್ರೆ ನುಂಗಿದ.

ನಾದಿನಿ ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ, ಗಾಯದ ಪಟ್ಟಿ ನೆನೆಯದಂತೆ ಸ್ವಲ್ಪ ಹೊತ್ತು ಭುಜಕ್ಕೆ ಇಟ್ಟಳು. ಬೆರಳು, ಮಣಿಕಟ್ಟು ಆಡಿಸುತ್ತಿರಲು ಹೇಳಿದಳು. ಅಂಗಾತ ಮಲಗಿದರೆ ನೋವು, ಒರಗಿದರೆ ದಿಂಬು ಜಾರುತ್ತಿತ್ತು. ಕೊನೆಗೆ ದರ್ಜಿಯೇ ಹೋಗಿ ಕ್ಷೌರದಂಗಡಿಯ ಒರಗುಕುರ್ಚಿಯನ್ನು ಎಳೆದು ತಂದ. ಎಷ್ಟೋ ಗಿರಾಕಿಗಳು ಗೊರಕೆ ಹೊಡೆದ ಕುರ್ಚಿಯಲ್ಲಿ ಮೊದಲ ಸಲ ಮಾಲೀಕನೂ ಗೊರಕೆ ಹೊಡೆದ.

ಅವನ ಗಡ್ಡ ಹೆಂಡತಿಯ ಪಾಲಿಗೆ ಬಂತು. "ಮೀಸೆ ಹುಷಾರು ಕಣೇ!" ಎನ್ನುವಷ್ಟರಲ್ಲಿ ಅರ್ಧ ಮೀಸೆ ಹೋಗಿತ್ತು.

"ನೋವಾಯ್ತಾ?"

"ಆಯ್ತು. ಇದಕ್ಕೆ ಮಾತ್ರೆ ಇಲ್ವಲ್ಲ!"

ಹೇಳಿಕೊಟ್ಟ ವ್ಯಾಯಾಮವನ್ನು ಅವನು ತಪ್ಪಿಸಲಿಲ್ಲ. ಕೆಲವು ತಿಂಗಳ ನಂತರ ವೈದ್ಯರು ಒಪ್ಪಿಗೆ ಕೊಟ್ಟಾಗ ಅಂಗಡಿ ತೆರೆದ. ದರ್ಜಿಯೇ ಮೊದಲ ಗಿರಾಕಿ. ಕ್ಷೌರಿಕ ಉಸಿರು ಬಿಗಿಹಿಡಿದು ಕೈ ಎತ್ತಿದ. ಕೈ ದರ್ಜಿಯ ನೆತ್ತಿ ಮುಟ್ಟಿತು. ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಅಕ್ಕ ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಯಾರಿಗಾದರೂ ಇಂಥ ಶಸ್ತ್ರಚಿಕಿತ್ಸೆ ಆಗಿದ್ದರೆ, ನೋವು ಬರಲೆಂದು ಕಾಯಬೇಡಿ. ಹೇಳಿದ ಹೊತ್ತಿಗೆ ಮಾತ್ರೆ ಕೊಡಿ. ಪಕ್ಕದ ಮನೆಯವರ ಮಾತ್ರೆ ಬೇಡವೇ ಬೇಡ. ಜ್ವರ ಬಂದರೆ, ಗಾಯ ಕೆಂಪಾಗಿ ಸೋರಿದರೆ, ಬೆರಳು ನೀಲಿಗಟ್ಟಿದರೆ, ಮರಗಟ್ಟಿದ್ದು ಬಿಡದಿದ್ದರೆ, ಮಾತ್ರೆಗೂ ನೋವು ಬಗ್ಗದಿದ್ದರೆ ಆಸ್ಪತ್ರೆಗೆ ಕೂಡಲೇ ತಿಳಿಸಿ. ಉಸಿರು ಕಟ್ಟಿದರೆ ಒಂದು ಕ್ಷಣವೂ ಕಾಯದೆ ಕರೆದೊಯ್ಯಿರಿ. ನೋವು ನುಂಗಿಕೊಂಡವರಿಗೆ ಯಾರೂ ಬಹುಮಾನ ಕೊಡುವುದಿಲ್ಲ. ನುಂಗುವುದಾದರೆ ಮಾತ್ರೆಯನ್ನೇ ನುಂಗಿ.