ರೇವವ್ವನ ಟಂಟಂಗೆ ಹೊಸ ಮೀಟರು

ರೇವವ್ವನ ಮೂರು ಗಾಲಿಯ ಟಂಟಂ ಗಾಡಿಯ ಡೀಸೆಲ್ ಮೀಟರು ಕೆಟ್ಟು ಎರಡು ವರ್ಷವಾಗಿತ್ತು. ಟಾಕಿಯೊಳಗೆ ಕಡ್ಡಿ ಇಳಿಸಿ, ಅದು ಒದ್ದೆಯಾದಷ್ಟು ನೋಡಿ ಅಂದಾಜು ಮಾಡುತ್ತಿದ್ದಳು. ಗಂಡ ಸಿದ್ದರಾಮ ಸೊಂಟನೋವಿನಿಂದ ಹಾಸಿಗೆ ಹಿಡಿದ ಮೇಲೆ ಗಾಡಿ ಅವಳ ಕೈಗೆ ಬಂದಿತ್ತು. ಯರಗುಪ್ಪಿಯ ಹೆಂಗಸರನ್ನು ಮೆಣಸಿನಕಾಯಿ ಬಿಡಿಸಲು ಬೆಳಗ್ಗೆ ಹೊಲಕ್ಕೆ ಒಯ್ದು, ಸಂಜೆ ಊರಿಗೆ ತಂದು ಬಿಡುವುದು ಅವಳ ಕೆಲಸ.

ಹೋದ ವಾರ ಒಂದು ದಿನ ಕಡ್ಡಿ ಇಳಿಸಲು ಮರೆತಳು. ಸಂಜೆ ನಡುದಾರಿಯಲ್ಲಿ ಡೀಸೆಲ್ ತೀರಿ ಗಾಡಿ ನಿಂತಿತು. ದಿನವಿಡೀ ಬಗ್ಗಿ ದುಡಿದವರು ಮೂರು ಕಿಲೋಮೀಟರು ನಡೆದರು. ಸಕ್ಕರೆ ಕಾಯಿಲೆಯ ಕಸ್ತೂರೆವ್ವ ಊರು ಮುಟ್ಟುವ ಮೊದಲೇ ತಲೆ ತಿರುಗಿ ಬಿದ್ದಳು. ಹಣೆಗೆ ನಾಲ್ಕು ಹೊಲಿಗೆ ಹಾಕಬೇಕಾಯಿತು. ಯಾರೂ ರೇವವ್ವನನ್ನು ಬೈಯಲಿಲ್ಲ. ಬೈದಿದ್ದರೆ ಇಷ್ಟು ಸಂಕಟವಾಗುತ್ತಿರಲಿಲ್ಲ.

ಅದಕ್ಕೇ ಇವತ್ತು ಕುಂದಗೋಳದ ದಾವೂದಸಾಬರ ಶೆಡ್ಡಿನಲ್ಲಿ ಬೆಳಗ್ಗೆಯಿಂದ ಕೂತಿದ್ದಳು. ಮುದುಕ ಮೆಕ್ಯಾನಿಕ್ ಟಾಕಿ ಇಳಿಸಿ, ಡೀಸೆಲ್ ಮೇಲೆ ತೇಲಬೇಕಾದ ಹಳೆಯ ಗುಂಡನ್ನು ಹೊರತೆಗೆದ. ಅದು ತೂತು ಬಿದ್ದು ಮುಳುಗಿಹೋಗಿತ್ತು. ಹೊಸ ಗುಂಡು ಕೂರಿಸಿ, ಹೊಸ ಮೀಟರಿಗೆ ವೈರು ಜೋಡಿಸಿ, ಚಾವಿ ತಿರುಗಿಸಿದ. ಟಾಕಿ ಖಾಲಿಯಿದ್ದರೂ ಮೀಟರಿನ ಮುಳ್ಳು ‘ಫುಲ್’ ತೋರಿಸಿತು.

"ಗುಂಡು ಬ್ಯಾರೆ ಕಂಪನೀದು, ಮೀಟರ್ ಬ್ಯಾರೆ ಕಂಪನೀದು. ಒಂದಕ್ಕೊಂದು ಕೂಡವಲ್ವು ತಂಗಿ," ಎಂದ ದಾವೂದಸಾಬ. "ಹುಬ್ಬಳ್ಳಿಗೆ ಹೋಗಿ ಬದಲಿ ತರಬೇಕು. ನಾಳಿ ಬಾ."

"ನಾಳಿ ಮಂದಿ ದಾರಿ ಕಾಯ್ತಾರ, ಕಾಕಾ. ನನಗ ಇನ್ನೊಮ್ಮಿ ಬರೂ ತ್ರಾಣ ಇಲ್ಲರಿ."

ಅವಳ ದನಿ ಕೇಳಿ ಮುದುಕ ಬಟ್ಟೆಯಿಂದ ಮೀಟರಿನ ಗಾಜು ಒರೆಸಿದ. ಆಮೇಲೆ ಕೆಂಪು ಪೇಂಟಿನ ಡಬ್ಬಿ ತಂದು, ಮುಳ್ಳು ನಿಂತಲ್ಲಿಗೆ ಗಾಜಿನ ಮೇಲೆ ಒಂದು ಗೆರೆ ಎಳೆದ. "ಇದು ಖಾಲಿ. ಈಗ ಎರಡು ಲೀಟರ್ ಹಾಕು."

ಅವಳು ಕ್ಯಾನಿನಿಂದ ಡೀಸೆಲ್ ಹಾಕಿದಳು. ಮುಳ್ಳು ನಿಧಾನ ಕೆಳಗಿಳಿಯಿತು. ಇನ್ನೊಂದು ಗೆರೆ. ಮತ್ತೆ ಎರಡು ಲೀಟರು, ಮತ್ತೊಂದು ಗೆರೆ. ಕ್ಯಾನು ಎತ್ತಿ ಎತ್ತಿ ಅವಳ ರಟ್ಟೆಗಳು ಸೋತವು. ಟಾಕಿ ತುಂಬಿದಾಗ ಹೊತ್ತು ಇಳಿದಿತ್ತು.

"ಮುಳ್ಳು ಮ್ಯಾಲೆ ಏರಿತಂದ್ರ ಡೀಸೆಲ್ ತೀರೇತಿ ಅಂತ ತಿಳ್ಕೊ. ಮರೀಬ್ಯಾಡ."

"ಇಲ್ಲರಿ, ಮರೆಯಂಗಿಲ್ಲ."

ಅದಾದ ನಾಲ್ಕನೆಯ ದಿನ ಬೆಳಗ್ಗೆ ಮುಳ್ಳು ಮೇಲೆ, ದಾವೂದಸಾಬ ಮೊದಲು ಎಳೆದ ‘ಖಾಲಿ’ ಗೆರೆಯ ಹತ್ತಿರಕ್ಕೆ ಏರಿತ್ತು. ರೇವವ್ವ ಬಂಕಿನತ್ತ ಗಾಡಿ ತಿರುಗಿಸಿದಳು. ಹೊಲಕ್ಕೆ ಹೊರಟ ಹೆಂಗಸರ ನಡುವೆ ಹಿಂದೆ ಕೂತಿದ್ದ ಮಹಾನಂದಾ ಮುಂದೆ ಬಾಗಿ ಮೀಟರು ನೋಡಿ, "ಫುಲ್ ಐತೆಲ್ಲ ಬೇ! ಹೊತ್ತಾತು, ಹೋಗೂಣು ನಡಿ," ಎಂದು ಗೊಣಗಿದಳು.

"ಖಾಲಿ ಆಗೇತಿ. ಕೂಡು ಸುಮ್ಮನ," ಎಂದು ರೇವವ್ವ ಇಳಿದು ಟಾಕಿಯ ಮುಚ್ಚಳ ಬಿಚ್ಚಿದಳು.