ನೀರು ಹಾಕದ ಕವಳಿ

ಕವಳಿ, ಅಂದರೆ ಕರಂಡೆಯ ಸಸಿಯನ್ನು ನನ್ನ ಗಂಡ ರಘುರಾಮ ಧಾರವಾಡದಿಂದ ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದಿದ್ದ. ಗುಜರಾತಿನ ಕೊಯಾಲಿಯ ತೈಲ ರಿಫೈನರಿ ಟೌನ್‌ಶಿಪ್ಪಿನಲ್ಲಿ ನಮ್ಮ ಕ್ವಾರ್ಟರ್ಸಿನ ಗೇಟಿನ ಪಕ್ಕ ನೆಟ್ಟ. ನಾಲ್ಕು ವರ್ಷ ದಿನಾ ಸಂಜೆ ಪೈಪು ಹಿಡಿದ. ಗಿಡ ಆಳೆತ್ತರ ಬೆಳೆಯಿತು, ಎಲೆ ಮಿರಿಮಿರಿ ಮಿಂಚಿತು. ಒಂದು ಹೂವೂ ಬಿಡಲಿಲ್ಲ.

"ಇದು ಕಲ್ಲುಗುಡ್ಡದ ಗಿಡ. ಇಷ್ಟು ನೀರು ಕೊಟ್ರ ಬರೇ ಎಲಿ ಬರ್ತದ," ಎಂದಿದ್ದೆ.

"ನಿನ್ನ ಎಂ.ಎಸ್ಸಿ. ಪುಸ್ತಕದಾಗ ಇರಲಿ. ಪಾಪ, ಅದಕ್ಕ ನೀರಡಿಕಿ ಆಗ್ತದ," ಎಂದು ನಕ್ಕಿದ್ದ.

ತೊಂಬತ್ತನಾಲ್ಕರ ಸೆಪ್ಟೆಂಬರಿನಲ್ಲಿ ಅವನು ತೀರಿಕೊಂಡ. ಅವನ ಬದಲು ನನಗೆ ರಿಫೈನರಿಯ ಪ್ರಯೋಗಾಲಯದಲ್ಲಿ ಕೆಲಸ ಸಿಕ್ಕಿತು; ಮನೆ ಉಳಿಯಿತು. ನವೆಂಬರಿನಲ್ಲಿ ತೋಟದ ಮೇಲ್ವಿಚಾರಕ ವಾಸುದೇವಭಾಯಿ ಬಂದರು. ಕಾಯಿ ಬಿಡದ ಮುಳ್ಳುಗಿಡ, ಕೀಳಿಸುತ್ತೇನೆ ಎಂದರು. ಮೇ ಕೊನೆಯವರೆಗೆ ಬಿಡಿ ಎಂದು ಕೇಳಿಕೊಂಡೆ.

"ಸರಿ ಬೆನ್. ಕಾಯಿ ಬಿಟ್ಟರೆ ಇರಲಿ. ಇಲ್ಲವಾದರೆ ಆಮೇಲೆ ಏನೂ ಹೇಳಬಾರದು." ಹೆಂಗಸರನ್ನೆಲ್ಲ ಅವರು ಗುಜರಾತಿಯಲ್ಲಿ ಬೆನ್, ಅಕ್ಕ, ಎಂದೇ ಕರೆಯುತ್ತಿದ್ದರು.

ಅಂದೇ ನೀರು ನಿಲ್ಲಿಸಿದೆ. ದಾರಿಗೆ ಚಾಚಿದ್ದ ಕೊಂಬೆಗಳನ್ನಷ್ಟೇ ಕತ್ತರಿಸಿದೆ. ಅದರ ಹಾಲು ಅಂಟಿದ ಬೆರಳು ವಾರವಾದರೂ ಕಪ್ಪಾಗಿಯೇ ಇತ್ತು.

ಜನವರಿಯ ಹೊತ್ತಿಗೆ ಎಲೆಗಳು ಮಂಕಾದವು. ಒಂದು ದಿನ ಕೆಲಸದಿಂದ ಬಂದಾಗ ಬುಡ ಒದ್ದೆಯಾಗಿತ್ತು. ಪಕ್ಕದ ಮನೆಯ ಸುಲೋಚನಾ, ಮಂಡ್ಯದವರು, ಬೇಲಿಯ ಬಳಿಯೇ ನಿಂತಿದ್ದರು.

"ನಾನೇ ಎರಡು ಬಕೆಟ್ ಹಾಕ್ದೆ ಕಣಮ್ಮ. ನೀನಂತೂ ನೆಟ್ಟಗೆ ಉಣ್ಣಲ್ಲ. ಗಿಡ ಏನ್ ತಪ್ಪು ಮಾಡ್ತು?"

"ಹಾಕಬ್ಯಾಡ್ರಿ. ಒಣಗಿದ್ರ ಹೂ ಬಿಡ್ತದ."

"ಒಣಗಿದ್ರೆ ಸಾಯ್ತದೆ. ಓದ್ದೋರಿಗೆ ಇಷ್ಟೂ ಗೊತ್ತಾಗಲ್ವಾ?"

ಒದ್ದೆ ಮಣ್ಣನ್ನು ಕೆದರಿ ಬಿಸಿಲಿಗೆ ಬಿಟ್ಟೆ. ಅವರು ಎರಡು ತಿಂಗಳು ನನ್ನೊಂದಿಗೆ ಮಾತಾಡಲಿಲ್ಲ. ಗಂಡ ನೆಟ್ಟ ಗಿಡವನ್ನೂ ಕೊಲ್ಲುತ್ತಿದ್ದಾಳೆ ಎಂದು ಸಾಲುಮನೆಗಳಲ್ಲಿ ಮಾತಾಯಿತು. ಒಂದೆರಡು ಸಂಜೆ ನನ್ನ ಕೈಯೂ ನಲ್ಲಿಯವರೆಗೆ ಹೋಯಿತು. ಪೈಪನ್ನು ಸುತ್ತಿ ಅಟ್ಟಕ್ಕೆ ಹಾಕಿದೆ.

ಮಾರ್ಚ್ ಮೊದಲ ವಾರ ಕೊಂಬೆಗಳ ತುದಿಯಲ್ಲಿ ಮೊಗ್ಗು ಕಂಡಿತು. ಆಗ ಒಂದೇ ಸಲ, ಬುಡ ತುಂಬ, ನೀರು ಕೊಟ್ಟೆ. ಹತ್ತು ದಿನದಲ್ಲಿ ಹೂ ತುಂಬಿ ಗಿಡ ಬೆಳ್ಳಗಾಯಿತು.

"ಮಲ್ಲಿಗೆ ಥರ ಘಮ ಅಂತದಲ್ಲೇ," ಎಂದರು ಬೇಲಿಯಾಚೆಯಿಂದ ಸುಲೋಚನಾ. ಮಾತು ಮತ್ತೆ ಶುರುವಾಯಿತು.

ಮೇ ಕೊನೆಗೆ ವಾಸುದೇವಭಾಯಿ ಸನಿಕೆ ಹಿಡಿದ ಇಬ್ಬರು ಆಳುಗಳೊಂದಿಗೆ ಬಂದರು. ಗೇಟಿನಲ್ಲೇ ನಿಂತರು. ಗೊಂಚಲು ಗೊಂಚಲು ಕಾಯಿ, ಬಿಸಿಲು ಬಿದ್ದ ಕಡೆ ಕೆನ್ನೆಗೆಂಪು. ಒಂದನ್ನು ಕಿತ್ತು ಕಚ್ಚಿದರು. ಹುಳಿಗೆ ಮುಖ ಕಿವುಚಿದರು.

"ಉಪ್ಪಿನಕಾಯಿಗೆ ಇದೇ ಬೇಕು. ಎಷ್ಟು ನೀರು ಕೊಟ್ಟಿರಿ, ಬೆನ್?"

"ಒಂದು ಸಲ."

ನಾನು ತಮಾಷೆ ಮಾಡುತ್ತಿದ್ದೇನೆಯೇ ಎಂದು ಅವರು ಸುಲೋಚನಾರ ಕಡೆ ನೋಡಿದರು.

"ನಿಜ ಭಾಯಿಸಾಬ್, ನಾನೇ ಸಾಕ್ಷಿ. ಎಂ.ಎಸ್ಸಿ. ಅವಳು, ಏನಂದ್ಕೊಂಡ್ರಿ," ಎಂದರು ಸುಲೋಚನಾ, ಹರಕುಮುರುಕು ಹಿಂದಿಯಲ್ಲಿ.

ವಾಸುದೇವಭಾಯಿ ಆಳುಗಳನ್ನು ಕಳಿಸಿದರು. ಕ್ಲಬ್ಬಿನ ಹಿಂದೆ ಇಂಥವೇ ನಲವತ್ತು ಗಿಡಗಳಿವೆ, ಒಂದೂ ಕಾಯಿ ಕಂಡಿಲ್ಲ, ನೀವು ಬಂದು ನೋಡಬೇಕು ಎಂದರು.

ಭಾನುವಾರ ಬೆಳಿಗ್ಗೆ ಹೋದೆ. ಮಾಲಿ ಎದ್ದು ನಿಂತು ನಮಸ್ಕರಿಸಿದ. ಮೊದಲು ಪೈಪು ನಿಲ್ಲಿಸಲು ಹೇಳಿದೆ.