ಕಸದ ಗಾಡಿಗೆ ಮೂರು ಹಾಡು

ಹೌದು, ಕದ್ದೆ. ಎರಡು ಹಾಡು, ಒಂದು ಪಂಬೆ ಡೋಲಿನ ಪೆಟ್ಟು. ನನ್ನನ್ನು ಕಳ್ಳಿ ಅನ್ನುವವರು ಒಂದು ದಿನ ನನ್ನ ಗಾಡಿಯಲ್ಲಿ ಕೂತು, ಆಫೀಸಿನವರು ಕೊಟ್ಟ ಆ ಕಸದ ಹಾಡನ್ನು ಬೆಳಿಗ್ಗೆ ಆರರಿಂದ ಮಧ್ಯಾಹ್ನ ಎರಡರವರೆಗೆ ಕೇಳಲಿ. ಆಮೇಲೆ ಮಾತಾಡೋಣ.

ನಾನು ಶಶಿರೇಖ. ಕೆಜಿಎಫ್‌ನಲ್ಲಿ ಕಸದ ಆಟೋ ಓಡಿಸುತ್ತೇನೆ. ಮನೆ ಬಂಗಾರಪೇಟೆ ಪಕ್ಕದ ಹಳ್ಳಿಯಲ್ಲಿ. ಮೊದಲ ಬಸ್ಸಿಗೆ ಬಂದು ರಾಬರ್ಟ್‌ಸನ್‌ಪೇಟೆಯಲ್ಲಿ ಇಳಿದರೆ ಸಂಜೆಯ ಬಸ್ಸಿಗೇ ವಾಪಸ್ಸು. ಒಂಬತ್ತು ವರ್ಷ ತಳ್ಳುಗಾಡಿ ತಳ್ಳಿ, ರಜೆಯ ದಿನಗಳಲ್ಲಿ ಡ್ರೈವಿಂಗ್ ಕಲಿತು, ಎರಡು ಸಲ ಫೇಲಾಗಿ, ಮೂರನೇ ಸಲ ಲೈಸೆನ್ಸ್ ತೆಗೆದೆ. ತಳ್ಳುಗಾಡಿಯವಳನ್ನು ಜನ ‘ಏ ಕಸ’ ಅಂತ ಕರೆಯುತ್ತಾರೆ. ಆಟೋದವಳನ್ನು ‘ಏ ಕಸದ ಆಟೋ’ ಅಂತ ಕರೆಯುತ್ತಾರೆ. ಇಷ್ಟೇ ವ್ಯತ್ಯಾಸ. ಆದರೆ ಈ ಇಷ್ಟಕ್ಕೆ ನಾನು ಜೀವ ಬಿಡುತ್ತೇನೆ, ಸ್ವಾಮಿ.

ಗುತ್ತಿಗೆದಾರನ ಕಡೆಯ ಸೂಪರ್‌ವೈಸರ್ ವಿಜಯಕುಮಾರ್ ಕೀ ಕೊಡುವಾಗಲೇ ಒಂದು ಕೊಕ್ಕೆ ಇಟ್ಟ. ನಂದಿದುರ್ಗ ಗಣಿಯ ಹಳೇ ಲೈನುಗಳಲ್ಲಿ, ಅಂದರೆ ಕೂಲಿಯವರ ಸಾಲುಮನೆಗಳಲ್ಲಿ, ಮೂರನೇ ಲೈನಿನ ಮೂಲೆಯಲ್ಲಿ ಆಳೆತ್ತರದ ಕಸದ ಗುಡ್ಡೆ ಇತ್ತು. ಗುಡ್ಡೆಯನ್ನು ಜೆಸಿಬಿಯಲ್ಲಿ ಎತ್ತಿಸಿದ್ದ. “ಮೂರು ತಿಂಗಳು ಟೈಮು. ಜನ ಕಸಾನ ನಿನ್ ಗಾಡಿಗೇ ತಂದು ಕೊಡ್ಬೇಕು. ಅಲ್ಲಿ ಮತ್ತೆ ಗುಡ್ಡೆ ಬೆಳೆದ್ರೆ ಕೀ ಬೇರೆಯವ್ರಿಗೆ, ನಿಂಗೆ ತಳ್ಳುಗಾಡಿ,” ಅಂದ.

ಗುಡ್ಡೆ ಬೆಳೆಯಿತು. ಬೆಳೆಯದೆ ಏನು ಮಾಡುತ್ತದೆ? ಗಾಡಿಯ ಮೈಕಿನಲ್ಲಿ ಒಬ್ಬ ಗಂಡಸು ಮೂಗಿನಿಂದ ‘ಹಸಿ ಕಸ ಬೇರೆ, ಒಣ ಕಸ ಬೇರೆ’ ಅಂತ ಪಾಠ ಒಪ್ಪಿಸುತ್ತಾನೆ. ಲೈನಿನಲ್ಲಿ ತಮಿಳು, ಅಲ್ಲಲ್ಲಿ ತೆಲುಗು, ನಡುವೆ ನಮ್ಮ ಕನ್ನಡ. ವರ್ಷಗಟ್ಟಲೆ ಕೇಳಿ ಎಲ್ಲರ ಕಿವಿಯೂ ಆ ದನಿಗೆ ಕಲ್ಲಾಗಿತ್ತು. ಗಾಡಿ ದಾಟಿದ ಮೇಲೆ ಯಾರಿಗೋ ನೆನಪಾಗಿ ಕವರ್ ತಂದು ಮೂಲೆಗೆ ಎಸೆಯುವರು. ನಾನು ಕೆಳಗಿಳಿದು ಬೈದರೆ ಕದ ಹಾಕಿಕೊಳ್ಳುವರು. ಕುಡಿಯಲು ನೀರು ಕೇಳಿದರೆ ಕಾಂಪೌಂಡಿನ ಮೇಲೆ ಬೇರೆಯೇ ಇಟ್ಟ ಮಗ್ಗಿನಿಂದ, ಮೇಲಿಂದ, ಕೈಗೆ ತಾಕದ ಹಾಗೆ ಹೊಯ್ಯುವರು. ಅದನ್ನು ನಾನು ಯಾರಿಗೂ ಹೇಳಿಲ್ಲ. ಸಂಜೆ ಮನೆ ಸೇರಿದರೆ ಒಳಗೆ ಕಾಲಿಡುವ ಮೊದಲು ಅಂಗಳದ ನಲ್ಲಿಯ ಕೆಳಗೆ ಕಾಲನ್ನು ಸೋಪು ಹಾಕಿ, ಕಲ್ಲಿನಲ್ಲಿ ಉಜ್ಜಿ, ಕೆಂಪಾಗುವವರೆಗೆ ತೊಳೆಯುತ್ತೇನೆ. ಅಷ್ಟಾದರೂ ವಾಸನೆ ಇದೆ ಅನಿಸುತ್ತದೆ.

ಇನ್ನು ನನ್ನ ತಲೆಯ ಕಥೆ. ಅದು ಸುಮ್ಮನೆ ಕೂರುವ ತಲೆಯಲ್ಲ. ಚಿಕ್ಕಂದಿನಿಂದಲೂ ಎರಡು ಹಾಡು ಒಟ್ಟಿಗೆ ಕೇಳಿದರೆ ಅವೆರಡನ್ನೂ ಜಡೆ ಹೆಣೆಯಬೇಕು ಅಂತ ಬೆರಳು ತುಡಿಯುತ್ತದೆ. ಬಸ್ಸಿನ ಹಾಡು ಒಂದು ಕಡೆ, ಪಕ್ಕದವನ ಮೊಬೈಲಿನ ಹಾಡು ಇನ್ನೊಂದು ಕಡೆ. ಜನಕ್ಕೆ ತಲೆನೋವು, ನನಗೆ ಹಬ್ಬ. ಇದನ್ನು ನೋಡಿ ನೋಡಿ ಮಗಳು ಚಂದನ ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟಳು. ಹಾಡನ್ನು ಕತ್ತರಿಸಬಹುದು, ಎಳೆಯಬಹುದು, ಒಂದರ ಮೇಲೆ ಒಂದು ಹೊದಿಸಬಹುದು. “ಇದುಕ್ಕೆ ಮ್ಯಾಶಪ್ ಅಂತಾರಮ್ಮ,” ಅಂದಳು. “ನಮ್ಮೂರಾಗೆ ಕಲಸನ್ನ ಅಂತಾರೆ ಓಗೇ,” ಅಂದೆ.

ಮೂರನೇ ತಿಂಗಳು ಅರ್ಧ ಕಳೆದಾಗ ನನಗೆ ಹೊಳೆಯಿತು. ಹಾಡು ಬದಲಾಗಬೇಕು. ಕದದೊಳಗೆ ಇರುವವರ ಹಾಡೇ ಹೊರಗಿನಿಂದ ಕೇಳಿಸಬೇಕು.

ಅವತ್ತಿನಿಂದ ಕಳ್ಳತನ ಶುರು. ನನ್ನ ಗಾಡಿಯ ಲೋಡರ್ ಗಂಗರತ್ನಮ್ಮ, ಐವತ್ತು ದಾಟಿದ ಹೆಂಗಸು, ಕಸ ವಿಂಗಡಿಸುವಾಗ ರಾಗಿ ಹೊಲದ ಕಳೆ ಕೀಳುವ ತೆಲುಗು ಪದ ಹೇಳಿಕೊಳ್ಳುತ್ತಾಳೆ. ಫೋನು ಡಬ್ಬದ ಹಿಂದೆ ಇಟ್ಟು ಅದನ್ನು ಹಿಡಿದೆ. ಮೂರನೇ ಲೈನಿನ ನಡುವಿನ ಮನೆಯ ಕಿಟಕಿಯಿಂದ ಅಂಜಲೈ ಅಜ್ಜಿ ಮರಿಮಗುವಿಗೆ ತಮಿಳು ಜೋಗುಳ, ಅವರ ತಾಲಾಟ್ಟು, ಹಾಡುತ್ತಾಳೆ. ಎಂಬತ್ತು ದಾಟಿದವಳಂತೆ, ಕಣ್ಣಿಗೆ ಪೊರೆಯಂತೆ, ಹೊರಗೆ ಬರುವುದೇ ಇಲ್ಲ. ಅವಳ ಮುಖ ನೋಡಿರಲಿಲ್ಲ, ದನಿ ಮಾತ್ರ ಗೊತ್ತು. ಕಿಟಕಿಯ ಕೆಳಗೆ ಗಾಡಿ ನಿಲ್ಲಿಸಿ, ಟೈರು ನೋಡುವ ನಾಟಕ ಮಾಡಿ, ಅದನ್ನೂ ಹಿಡಿದೆ. ಮೂರನೆಯದು ನಮ್ಮ ಮೂಗಿನ ಗಂಡಸಿನ ಹಾಡು. ಅದನ್ನು ಬಿಡುವ ಹಾಗಿಲ್ಲ, ಆಫೀಸಿನ ಹಾಡು.

ಕದಿಯುವುದು ಸುಲಭ, ಕೂಡಿಸುವುದು ನರಕ. ಕೆಲಸ ಮುಗಿಸಿ ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಇಯರ್‌ಫೋನು ಹಾಕಿ ಕೂರುತ್ತಿದ್ದೆ. ಒಂದು ಬಸ್ಸು ಹೋಗುವುದು, ಎರಡು ಹೋಗುವುದು, ನನಗೆ ಪರಿವೆಯಿಲ್ಲ. ಜೋಗುಳ ನಿಧಾನ, ಕಸದ ಹಾಡು ಓಟ, ಕಳೆಯ ಪದ ಇವೆರಡರ ನಡುವೆ ಸೊಂಟ ಬಗ್ಗಿಸಿಕೊಂಡು ಹೋಗುವಂಥದ್ದು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಹಾಡುವವಳು ಉಸಿರು ತೆಗೆದುಕೊಳ್ಳುವ ಜಾಗ ಹುಡುಕಿ ಕತ್ತರಿಸಬೇಕು. ಇಲ್ಲವಾದರೆ ಮಾತಿನ ಮಧ್ಯೆ ಬಾಯಿ ಮುಚ್ಚಿದ ಹಾಗೆ ಕೇಳುತ್ತದೆ. ಅಂಜಲೈ ಅಜ್ಜಿ ಸಾಲಿನ ಕೊನೆಯಲ್ಲಿ ‘ರೋ…’ ಅಂತ ಎಳೆಯುತ್ತಾಳೆ, ಮುಗಿಸುವುದೇ ಇಲ್ಲ. ಅಳತೆಗೆ ಕೂರಿಸಲು ಅದನ್ನು ಅರ್ಧಕ್ಕೆ ಕತ್ತರಿಸಿದೆ. ಅಲ್ಲಿ ಪ್ರತಿ ಸಲವೂ ಕಾಲಿಗೆ ಕಲ್ಲು ಎಡವಿದ ಹಾಗಾಗುತ್ತಿತ್ತು. ಊಟ ಸೇರಲಿಲ್ಲ. ಚಂದನ ಮಾತಾಡಿಸಿದರೆ ರೇಗಿದೆ.

ಮೂರನ್ನೂ ಕಟ್ಟಿಹಾಕಿದ್ದು ಸೆಲ್ವರಾಜ್‌ನ ಪಂಬೆ. ಅವನು ಅದೇ ಲೈನಿನವನು. ಆಂಡರ್ಸನ್‌ಪೇಟೆಯಲ್ಲಿ ಟೈಲರ್, ಆಡಿ ತಿಂಗಳಲ್ಲಿ, ನಮ್ಮ ಆಷಾಢದ ಹೊತ್ತಿಗೆ, ಗ್ರಾಮದೇವತೆ ಅಮ್ಮನ ಮೆರವಣಿಗೆಗೆ ಈ ಜೋಡಿ ಡೋಲು ಬಾರಿಸುವವನು. ಆಡಿ ಹತ್ತಿರ ಬಂದಿದ್ದರಿಂದ ಜಗುಲಿಯ ಮೇಲೆ ಅಭ್ಯಾಸ ಮಾಡುತ್ತಿದ್ದ. ಎಷ್ಟೋ ಬಗೆ ಬಾರಿಸಿದ. ಒಂದು ಪೆಟ್ಟು ಬಂದಾಗ ನನ್ನ ಮೈ ಝುಮ್ಮೆಂದಿತು. ಏನಿದು, ಯಾತಕ್ಕೆ ಬಾರಿಸುತ್ತಾರೆ, ಕೇಳಿದೆನೇ? ಇಲ್ಲ. ಹಿಡಿದುಕೊಂಡೆ, ಓಡಿದೆ. ಅದನ್ನು ಕೆಳಗೆ ಹಾಸಿದ ಕೂಡಲೇ ಮೂರು ಹಾಡೂ ಒಂದೇ ನೊಗಕ್ಕೆ ಬಂದವು. ಬಸ್‌ಸ್ಟ್ಯಾಂಡಿನಲ್ಲಿ ಒಬ್ಬಳೇ ಕುಣಿಯುವುದೊಂದು ಬಾಕಿ.

ಗುರುವಾರ ವಿಜಯಕುಮಾರ್ ಫೋನು ಮಾಡಿದ. “ನಾಳೆ ಒಂಬತ್ತಕ್ಕೆ ಬರ್ತೀನಿ. ಮೂಲೆ ನೋಡ್ತೀನಿ. ಕೀ ರೆಡಿ ಇಟ್ಕೊ.”

ಶುಕ್ರವಾರ ಬೆಳಿಗ್ಗೆ ಎಂಟೂವರೆಗೆ ಮೂರನೇ ಲೈನಿಗೆ ಗಾಡಿ ತಿರುಗಿಸಿದೆ. ಮೂಲೆಯಲ್ಲಿ ಮೊಣಕಾಲೆತ್ತರದ ಗುಡ್ಡೆ ಹಾಗೇ ಇತ್ತು. ಪೆನ್‌ಡ್ರೈವ್ ಚುಚ್ಚಿ, ವಾಲ್ಯೂಮು ಪೂರ್ತಿ ತಿರುಗಿಸಿದೆ. ಮೊದಲು ಪಂಬೆ. ಅದರ ಮೇಲೆ ಗಂಗರತ್ನಮ್ಮನ ದನಿ.

“ಅಯ್ಯೋ ನಿನ್ ಮನೆ ಕಾಯ್ವಾಗ, ಇದು ನಂದಲ್ಲೇನೇ!” ಹಿಂದಿನಿಂದ ಗಂಗರತ್ನಮ್ಮ ಕಿರುಚಿದಳು.

“ನಿಂದೇ. ಸುಮ್ಕೆ ಕೇಳು.”

ಕದ ತೆರೆಯಿತು. ಒಂದು. ಪಕ್ಕದ್ದು. ಎದುರಿನದು. ಸಾಲಾಗಿ! ಹೆಂಗಸರು ಹೊರಗೆ ಓಡಿ ಬರುತ್ತಿದ್ದಾರೆ, ಕೆಲವರು ತಲೆಯನ್ನೂ ಬಾಚಿಲ್ಲ. ಗೆದ್ದೆ ಕಣೇ ಶಶಿ ಅಂದುಕೊಂಡು ನನ್ನ ಕಣ್ಣಲ್ಲಿ ನೀರು ಬಂತು. ಒರೆಸಿಕೊಂಡು ಸರಿಯಾಗಿ ನೋಡುತ್ತೇನೆ, ಒಬ್ಬರ ಕೈಯಲ್ಲೂ ಕಸದ ಬಕೆಟ್ಟಿಲ್ಲ. ಹಿತ್ತಾಳೆ ಬಿಂದಿಗೆ. ಅರಿಶಿನದ ನೀರು. ಬೇವಿನ ಸೊಪ್ಪು. ಒಬ್ಬಳ ತಟ್ಟೆಯಲ್ಲಿ ಕರ್ಪೂರ ಉರಿಯುತ್ತಿತ್ತು.

ಹಿಂದೆ ಗಂಗರತ್ನಮ್ಮ ಎದೆ ಬಡಿದುಕೊಂಡಳು. “ಏ ಉಚ್ಚಿ, ಅದು ಅಮ್ಮ ಬೀದೀಗೆ ಕಾಲಿಡುವಾಗಿನ ಪೆಟ್ಟು ಕಣೇ! ಅಮ್ಮ ಬಂದ್ಲು ಅಂದ್ಕೊಂಡವ್ರೆ!”

ಮೆರವಣಿಗೆ ಇದ್ದಿದ್ದು ಮುಂದಿನ ಶುಕ್ರವಾರ. ಆದರೆ ಶುಕ್ರವಾರ ಶುಕ್ರವಾರವೇ, ಪೆಟ್ಟು ಪೆಟ್ಟೇ, ಪೂಜೆಯ ಸಾಮಾನು ಹೇಗೂ ಕೈಗೆಟುಕುವಲ್ಲೇ. ಮನೆಯೊಳಗೆ ಅದನ್ನು ಕೇಳಿದ ಹೆಂಗಸು ಕ್ಯಾಲೆಂಡರ್ ನೋಡಿಕೊಂಡು ನಿಲ್ಲುತ್ತಾಳೆಯೇ? ಮೈಕು ಆಫ್ ಮಾಡಲು ಹೋಗಿ ತಪ್ಪು ಗುಂಡಿ ಒತ್ತಿದೆ, ಅಷ್ಟರಲ್ಲಿ ಜೋಗುಳವೂ ‘ರೋ’ ಅಂತ ಬಂದುಹೋಯಿತು. ಕೊನೆಗೆ ವೈರನ್ನೇ ಕಿತ್ತೆ. ಎಲ್ಲರಿಗೂ ಕೈಮುಗಿದು ಹೇಳೋಣ ಅಂತ ಚಪ್ಪಲಿ ಗಾಡಿಯಲ್ಲೇ ಬಿಟ್ಟು ಕೆಳಗಿಳಿದೆ.

ಇಳಿದ ಕಾಲಿನ ಮೇಲೆ ನೀರು ಬಿತ್ತು. ತಣ್ಣಗೆ.

ಒಬ್ಬ ಮುದುಕಿ ಗೋಡೆ ಹಿಡಿದುಕೊಂಡು ಬಂದು ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದಳು. ಬಿಂದಿಗೆ ಬಗ್ಗಿಸಿ ನನ್ನ ಎರಡೂ ಪಾದಕ್ಕೆ ಹೊಯ್ದಳು. ಕೈಯಿಂದ ಉಜ್ಜಿದಳು. ಹಿಮ್ಮಡಿ, ಬೆರಳ ಸಂದು, ಒಂದೂ ಬಿಡಲಿಲ್ಲ. ಸೆರಗಿನಿಂದ ಒರೆಸಿ, ಅರಿಶಿನ ಬಳಿದು, ತಡಕಾಡಿ ಕುಂಕುಮ ಇಟ್ಟಳು. ಬಾಯಲ್ಲಿ ತಮಿಳಿನಲ್ಲಿ ಏನೋ ಹೇಳಿಕೊಳ್ಳುತ್ತಿದ್ದಳು. ಆ ದನಿ ನನಗೆ ಗೊತ್ತು. ಎಂಟು ದಿನದಿಂದ ಅದನ್ನೇ ಕತ್ತರಿಸುತ್ತಿದ್ದೆ.

ಕಾಲು ಹಿಂದಕ್ಕೆಳೆಯಬೇಕಿತ್ತು. ಎಳೆಯಲು ಆಗಲಿಲ್ಲ.

“ಏಯ್! ಯಾರನ್ನ ಕೇಳಿ ಹಾಕ್ದೆ ಅದನ್ನ?” ಸೆಲ್ವರಾಜ್ ಅಳತೆ ಟೇಪು ಕೊರಳಲ್ಲಿದ್ದ ಹಾಗೇ ಓಡಿ ಬಂದ. “ಅಮ್ಮನ ಅಡಿ ಮಾ ಅದು, ಅಮ್ಮನ ಪೆಟ್ಟು! ನಮ್ಮಪ್ಪನ ಕಾಲದಿಂದ ಅಮ್ಮಂಗೆ ಬಿಟ್ರೆ ಬೇರೆ ಯಾರ್ಗೂ ಬಾರ್ಸಿಲ್ಲ. ನೀನು ಕಸದ ಗಾಡಿಗೆ ಆಕ್ತೀಯಾ? ಥೂ!”

“ತಪ್ಪಾಯ್ತಣ್ಣ. ನಂಗೆ ಗೊತ್ತಿರ್ಲಿಲ್ಲ.”

“ಗೊತ್ತಿಲ್ದೆ ಕದ್ಯೋಕ್ ಮಾತ್ರ ಗೊತ್ತಾ?”

ಅವನು ಹೇಳಿದ್ದು ಸತ್ಯ. ಅದಕ್ಕೇ ಜಾಸ್ತಿ ಉರಿಯಿತು. ಅಷ್ಟರಲ್ಲಿ ವಿಜಯಕುಮಾರ್‌ನ ಸ್ಕೂಟರ್ ಬಂತು. ಬಿಂದಿಗೆ ಹಿಡಿದ ಹೆಂಗಸರನ್ನು ನೋಡಿದ, ಮೂಲೆಯ ಗುಡ್ಡೆ ನೋಡಿದ, ನನ್ನ ಕಾಲು ನೋಡಿದ. “ಕಸ ಎತ್ತು ಅಂದ್ರೆ ಪೂಜೆ ಮಾಡಿಸ್ಕೊತಾ ಇದೀಯಾ? ಚೆನ್ನಾಗಿದೆ. ಕೀ ಕೊಡು,” ಅಂದ.

ಒಂಬತ್ತು ವರ್ಷದ ತಳ್ಳುಗಾಡಿಯ ಭಾರ ಒಮ್ಮೆಗೇ ಹೆಗಲಿಗೆ ಬಂದ ಹಾಗಾಯಿತು. ಕೀ ಬಿಚ್ಚಿ ಕೈಯಲ್ಲಿ ಹಿಡಿದೆ. ಕೊಡುವ ಮೊದಲು ಒಂದು ಕೆಲಸ ಬಾಕಿಯಿತ್ತು. ಆ ಮುದುಕಿಗೆ ಮೋಸ ಮಾಡಿ ಹೋಗಬಾರದು. ಅವಳ ಮುಂದೆ ಮೊಣಕಾಲೂರಿ ಕೂತೆ.

“ಅಜ್ಜಿ, ನಾನು ಅಮ್ಮ ಅಲ್ಲ. ಮೆರವಣಿಗೆ ಬಂದಿಲ್ಲ. ನಾನು ಕಸದ ಗಾಡಿಯವ್ಳು.”

“ಹೇಳ್ಬೇಡ ಮಾ, ಪಾವಂ, ಪಾಪ ಮುದ್ಕಿ,” ಅಂತ ಸೆಲ್ವರಾಜ್ ನನ್ನ ತೋಳು ಹಿಡಿದ. ಅಷ್ಟರಲ್ಲಿ ಮಾತು ಬಾಯಿಂದ ಹೊರಗೆ ಬಿದ್ದಿತ್ತು.

ಅಂಜಲೈ ಅಜ್ಜಿ ಬಿಂದಿಗೆ ನೆಟ್ಟಗಿಟ್ಟಳು.

“ಕಣ್ಣು ಪೋಚ್ಚು ತಾಯಿ, ಮೂಗು ಐತೆ,” ಅಂದಳು. “ನೀನು ಲೈನಿಗೆ ತಿರುಗ್ದಾಗ್ಲೇ ವಾಸ್ನೆ ಬಂತು.”

ಸೆಲ್ವರಾಜ್ ನನ್ನ ತೋಳು ಬಿಟ್ಟ.

“ಮತ್ತೆ… ಯಾಕಜ್ಜಿ?”

“ಆ ಅಡಿ ಕೇಳ್ಸಿದ್ರೆ ಬಾಗಿಲಿಗೆ ಬಂದೋರ ಕಾಲಿಗೆ ನೀರು ಉಯ್ಬೇಕು. ಮೊಖ ನೋಡಿ ಉಯ್ಯೋದಾ? ಅಮ್ಮ ವರ್ಷಕ್ಕೊಂದ್ ತಡವೆ ಬರ್ತಾಳೆ. ನೀನು ದಿನಾ ಬರ್ತೀಯ.” ಗೋಡೆ ಹಿಡಿದು ಎದ್ದಳು. ಎದ್ದವಳು ತಿರುಗಿ, “ಆಮೇಲೆ, ನನ್ ತಾಲಾಟ್ಟು ಕದ್ದಿದೀಯಲ್ಲ, ಅದ್ಯಾಕೆ ರೋ ಅಂತ ಎಳೀವಾಗ ಕಟ್ ಮಾಡ್ದೆ? ಅಲ್ಲಿ ನಿಲ್ಸಿದ್ರೆ ಮಗು ಎದ್ಬಿಡತ್ತೆ. ಪೂರ್ತಿ ಬಿಡು,” ಅಂದಳು.

ಒಳಗೆ ಹೋಗಿ ಎರಡು ಬಕೆಟ್ಟು ತಂದಳು. ಒಂದರಲ್ಲಿ ಹಸಿ, ಒಂದರಲ್ಲಿ ಒಣ. ಬೆರಳಿನಿಂದ ಮುಟ್ಟಿ ನೋಡಿ ಒಂದೊಂದಾಗಿ ನನ್ನ ಕೈಗೆ ಕೊಟ್ಟಳು. ಆಮೇಲೆ ವಿಜಯಕುಮಾರ್ ನಿಂತ ಕಡೆಗೆ ಮುಖ ಮಾಡಿ, “ಕೀ ಇಸ್ಕೊಂಡು ನಾಳೆಯಿಂದ ನೀನ್ ಬರ್ತೀಯಾ ರಾಜಾ?” ಅಂತ ಕೇಳಿದಳು.

ಯಾರೋ ಕಿಸಕ್ಕೆಂದರು. ಒಬ್ಬಳು ಬಿಂದಿಗೆ ಒಳಗಿಟ್ಟು ಬಕೆಟ್ಟು ತಂದಳು. ಆಮೇಲೆ ಇನ್ನೊಬ್ಬಳು. ಕರ್ಪೂರದ ತಟ್ಟೆಯವಳು ಮೊರ ತಂದು ಗುಡ್ಡೆಯನ್ನೇ ತುಂಬಲು ಕೂತಳು. ಎಲ್ಲರೂ ಬಂದರು ಅಂತ ಹೇಳಲಾರೆ. ನಾಲ್ಕು ಮನೆಯವರು ಮುಖ ತಿರುಗಿಸಿಕೊಂಡು ಕದ ಹಾಕಿದರು. ವಿಜಯಕುಮಾರ್ ಗುಡ್ಡೆ ಕರಗುವುದನ್ನು ನೋಡಿ, ವಾಚು ನೋಡಿ, “ಇನ್ನೊಂದು ತಿಂಗಳು ನೋಡೋಣ,” ಅಂತ ಸ್ಕೂಟರ್ ತಿರುಗಿಸಿದ. ಕೀ ನನ್ನ ಕೈಯಲ್ಲೇ ಉಳಿಯಿತು.

ಸೆಲ್ವರಾಜ್‌ನ ಮುಂದೆಯೇ ಫೋನು ತೆಗೆದು ಪಂಬೆಯನ್ನು ಅಳಿಸಿದೆ. ಉಳಿದಿದ್ದನ್ನು ಕೇಳಿಸಿದೆ. ಮೂರು ಹಾಡು ಮೂರು ದಿಕ್ಕಿಗೆ ಓಡಿದವು. ಅವನು ಹಲ್ಲಿಗೆ ಕಲ್ಲು ಸಿಕ್ಕವನ ಹಾಗೆ ಮುಖ ಮಾಡಿದ. “ನಾಳೆ ಅಂಗಡಿ ಹತ್ರ ಬಾ. ಅಮ್ಮನದಲ್ಲದ್ದು ಒಂದಿದೆ, ಬಾರಿಸ್ತೀನಿ. ಕೇಳಿ ತಗೊ, ಕದೀಬೇಡ,” ಅಂದ.

ಉಳಿದ ಲೈನುಗಳನ್ನೆಲ್ಲ ಬರಿಗಾಲಲ್ಲೇ ಮುಗಿಸಿದೆ. “ಚಪ್ಲಿ ಆಕ್ಕೊಳ್ಳೇ, ಗಾಜು ಚುಚ್ಚೀತು,” ಅಂತ ಗಂಗರತ್ನಮ್ಮ ಬೈದಳು. ಕೇಳಲಿಲ್ಲ. ಬಸ್ಸಿನಲ್ಲಿ ಬಂಗಾರಪೇಟೆಯವರೆಗೂ ‘ರೋ…’ ಅಂತ ಪೂರ್ತಿ ಎಳೆದು, ಎಲ್ಲಿ ಕೂರಿಸಲಿ, ಏನನ್ನು ಸರಿಸಲಿ ಅಂತ ತೊಡೆಯ ಮೇಲೆ ತಾಳ ಹಾಕುತ್ತಲೇ ಇದ್ದೆ. ತಲೆಗೆ ಅವತ್ತೂ ನೆಮ್ಮದಿಯಿಲ್ಲ.

ಅಂಗಳದಲ್ಲಿ ಎಂದಿನಂತೆ ಸೋಪು ತೆಗೆದುಕೊಂಡು ನಲ್ಲಿ ತಿರುಗಿಸಿದೆ. ಪಾದದ ಮೇಲೆ ಧೂಳು ಕೂತಿತ್ತು, ಅದರ ಕೆಳಗೆ ಅರಿಶಿನ ಇನ್ನೂ ಕಾಣುತ್ತಿತ್ತು. ಸೋಪನ್ನು ಕಲ್ಲಿನ ಮೇಲೆ ಇಟ್ಟೆ.

“ಕಾಲು ತೊಳ್ಕೊಂಡು ಬಾರಮ್ಮ, ಮುದ್ದೆ ಆರೋಯ್ತದೆ,” ಒಳಗಿನಿಂದ ಚಂದನ ಕರೆದಳು.

ನಲ್ಲಿ ನಿಲ್ಲಿಸಿದೆ.

“ತೊಳ್ದಾಗೈತೆ,” ಅಂದೆ, ಹಾಗೇ ಒಳಗೆ ಹೋದೆ.